ಗೋಡೆಯ ಮೇಲೆ ಹದಿನೆಂಟು ಊರು

ಚಾಂದಪಾಶಾ ಅವರನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಸೂಗಮ್ಮ. ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಮನೆ. ಕಮಲಾಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ಬೆಳಿಗ್ಗೆ ಎಂಟರ ಹುಮನಾಬಾದ ಬಸ್ಸು. ಮಹಾಗಾಂವ ಕ್ರಾಸಿನವರೆಗೆ ಕಿಟಕಿ ಪಕ್ಕದ ಸೀಟು, ಅಲ್ಲಿಂದ ಮುಂದೆ ತೊಡೆಯ ಮೇಲೆ ಯಾರದೋ ಕೂಸು, ಕಾಲ ಹತ್ತಿರ ಯಾರದೋ ಚೀಲ. ಗಂಡ ಅರುಣಕುಮಾರ ನಗರದಲ್ಲೇ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾರೆ.

ಚಾಂದಪಾಶಾ ಮೋಮಿನಪುರದವರು, ಪೇಂಟರ್. ನಾನು ಚಿಕ್ಕವಳಾಗಿ ಸಾಲಿ ಕಲಿಯುತ್ತಿದ್ದಾಗ ಊರಿನ ಅಂಗಡಿ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಅವರ ಕೈಯವೇ. ಕನ್ನಡ, ಉರ್ದು, ಇಂಗ್ಲಿಷು ಮೂರನ್ನೂ ಒಂದೇ ತಗಡಿನ ಮೇಲೆ ಒತ್ತೊತ್ತಾಗಿ ಕೂರಿಸುತ್ತಿದ್ದರು, ಯಾವುದೂ ಇನ್ನೊಂದನ್ನು ತಳ್ಳಿದಂತೆ ಕಾಣುತ್ತಿರಲಿಲ್ಲ. ನಮ್ಮಪ್ಪನ ಬಟ್ಟೆ ಅಂಗಡಿಯ ಬೋರ್ಡನ್ನೂ ಅವರೇ ಬರೆದಿದ್ದರು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತಿತು. ಗಾಡಿಗಳ ನಂಬರು, ಸತ್ತವರ ಕಬರಿನ ಕಲ್ಲಿನ ಮೇಲೆ ಹೆಸರು, ಇಷ್ಟೇ ಉಳಿದಿತ್ತು. ವಯಸ್ಸು ಅರವತ್ತೊಂದು. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು ಬುಶ್ರಾ, ಹುಮನಾಬಾದಕ್ಕೆ ಮದುವೆ ಮಾಡಿ ಕೊಟ್ಟಿದ್ದರು.

ಹೋದ ವರ್ಷದ ಮಾತು. ಎಂಟನೇತ್ತೆಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ನಡೆದಿತ್ತು. ಮಹಾಗಾಂವದಿಂದ ಬರುವ ಸೃಷ್ಟಿ ಎಂಬ ಹುಡುಗಿ ಎದ್ದು ನಿಂತು ಕೇಳಿದಳು.

"ಟೀಚರ್, ಟಿವಿಯೊಳಗ ದಿನಾ ತೋರಸ್ತಾರಲ್ರಿ, ಗಾಜಾ ಅಂತ. ಆ ಊರು ಯಾವಾಗಿಂದ ಅದ?"

"ಭಾಳ ಹಳೇದು. ಮೂರು ಸಾವಿರ ವರ್ಷದ ಮ್ಯಾಲಾಯ್ತು."

"ಅಷ್ಟು ವರ್ಷದಿಂದ ಬಡದಾಡಾಕತ್ತಾರೇನ್ರೀ?"

ಹೌದು ಅನ್ನುವಂತಿರಲಿಲ್ಲ, ಅಲ್ಲ ಅನ್ನುವಂತೆಯೂ ಇರಲಿಲ್ಲ. ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ಮೇಲೆ ಬರೆದೆ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಮರಳುಗಾಡು. ನಡುವೆ ಒಂದು ಸೆರಗಿನಷ್ಟು ಅಗಲದ ನೆಲ. ಕೆಳಗೆ ಈಜಿಪ್ಟು. ಮೇಲೆ, ಬಲಕ್ಕೆ, ಅಸಿರಿಯಾ. ಅದರ ಕೆಳಗೆ ಬಾಬಿಲೋನ್. ಈಜಿಪ್ಟಿನ ಅರಸನಿಗೆ ಮೇಲಿನವರ ಮೇಲೆ ದಂಡು ಒಯ್ಯಬೇಕಾದರೂ ಈ ಸೆರಗಿನ ಮೇಲೇ ಹಾಯಬೇಕು, ಮೇಲಿನವರಿಗೆ ಈಜಿಪ್ಟು ಬೇಕಾದರೂ ಇದೇ ದಾರಿ. ದಾರಿಯಲ್ಲಿ ಸಣ್ಣ ಸಣ್ಣ ರಾಜ್ಯಗಳು. ಕಪ್ಪ ಕೊಟ್ಟರೆ ಬದುಕು, ಕೊಡದಿದ್ದರೆ ಊರಿಗೆ ಬೆಂಕಿ.

"ಕೃಷ್ಣಾ, ತುಂಗಭದ್ರಾ ನಡುವಿನ ನೆಲಕ್ಕ ಬಹಮನಿಯವರು ವಿಜಯನಗರದವರು ಎಷ್ಟು ಸಲ ಕಾದಾಡ್ಯಾರ, ಓದೀರಿಲ್ಲ?"

"ಅಂದ್ರ ನಮ್ಮ ರಾಯಚೂರು ಇದ್ದಂಗ" ಅಂದಳು ಸೃಷ್ಟಿ. ಇಡೀ ತರಗತಿಗೆ ತಿಳಿಯಿತು. ನಲವತ್ತು ನಿಮಿಷ ಮುಗಿದು ಗಣಿತದ ಮೇಷ್ಟ್ರು ಬಂದರು, ಹಲಗೆ ಒರೆಸಿದರು.

ಅವತ್ತು ಬಸ್ಸಿನಲ್ಲಿ ಬರುವಾಗ ಈ ನಕಾಶೆ ಗೋಡೆಯ ಮೇಲೆ ಇದ್ದರೆ ಎಷ್ಟು ಚಂದ ಅನ್ನಿಸಿತು. ವಿಜ್ಞಾನದ ಕೋಣೆಯ ಹೊರಗೆ ಪಡಸಾಲೆಯಲ್ಲಿ ಹನ್ನೆರಡು ಅಡಿ ಗೋಡೆ ಬರಿದೇ ಇತ್ತು. ನಮ್ಮ ಸಂಸ್ಥೆಯ ಕಾರ್ಯದರ್ಶಿ ಮಾಣಿಕಪ್ಪ, ದಾಲ್ ಮಿಲ್ಲಿನ ಸಾಹುಕಾರರು. ಅವರನ್ನು ಕೇಳಿದೆ.

"ಬರಸ್ರಿ ಟೀಚರ್. ಸಾಲಿ ವಾರ್ಷಿಕ ಸಮ್ಮೇಳನಕ್ಕ ದೊಡ್ಡ ಮಂದಿ ಬರ್ತಾರ, ಗೋಡಿ ಚಂದ ಕಾಣಲಿ" ಅಂದರು. ಏನು ಬರೆಸುತ್ತೀರಿ ಎಂದು ಕೇಳಲಿಲ್ಲ.

ಮೋಮಿನಪುರಕ್ಕೆ ಹೋಗಿ ಕೇಳಿದಾಗ ಚಾಂದಪಾಶಾ ಮೊದಲು ನಂಬಲಿಲ್ಲ. "ಕೈಯಿಂದ ಬರೀಬೇಕೇನ್ರೀ? ಬ್ರಶ್ಶಿನಿಂದ?" ಎಂದು ಎರಡು ಸಲ ಕೇಳಿದರು. ಮೂಲೆಯಲ್ಲಿದ್ದ ಒಂದು ತಗಡಿನ ಡಬ್ಬಿ ತೆಗೆದು ಬ್ರಶ್ಶುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದರು. ಕೂದಲು ಗಟ್ಟಿಯಾಗಿದ್ದ ಎರಡನ್ನು ಬದಿಗಿಟ್ಟರು.

ಜನವರಿಯಲ್ಲಿ ಆರು ದಿನ ಕೆಲಸ ನಡೆಯಿತು. ಹಳೆಯ ಪುಸ್ತಕವೊಂದರಿಂದ ನಕಾಶೆಯ ಗೆರೆ ತೆಗೆದು, ದೊಡ್ಡದು ಮಾಡಿಸಿ, ಊರುಗಳ ಹೆಸರನ್ನು ಕನ್ನಡದಲ್ಲಿ ನಾನೇ ಕೆಂಪು ಪೆನ್ನಿನಲ್ಲಿ ಬರೆದು ಕೊಟ್ಟಿದ್ದೆ. ಹದಿನೆಂಟು ಊರು. ಅವರು ನೀಲಿ ಪುಡಿ ಹಚ್ಚಿದ ದಾರವನ್ನು ಗೋಡೆಗೆ ಬಿಗಿಹಿಡಿದು ಟಪ್ಪೆಂದು ಬಿಡುತ್ತಿದ್ದರು. ನೆಟ್ಟನೆಯ ಗೆರೆ ಮೂಡುತ್ತಿತ್ತು. ಹಾಗೆ ಚೌಕ ಮಾಡಿಕೊಂಡು, ನನ್ನ ಹಾಳೆಯ ಒಂದೊಂದು ಚೌಕವನ್ನು ಗೋಡೆಯ ಒಂದೊಂದು ಚೌಕಕ್ಕೆ ಏರಿಸಿದರು. ಸಮುದ್ರಕ್ಕೆ ಮೂರು ನೀಲಿ ಕಲೆಸಿದರು. ಯೊರ್ದನ್ ನದಿ ಕೂದಲೆಳೆಯಂತೆ ಇಳಿದು ಉಪ್ಪಿನ ಸಮುದ್ರ ಎಂಬ ದೊಡ್ಡ ಕೆರೆ ಸೇರಿತು.

"ಈ ಕೆರ್ಯಾಗ ಮೀನು ಇರ್ತಾವೇನ್ರೀ?"

"ಏನೂ ಬದುಕೋದಿಲ್ಲ ಚಾಚಾ. ನೀರು ಒಳಗ ಹೋಗ್ತದ, ಹೊರಗ ಹೋಗಲಿಕ್ಕೆ ದಾರಿ ಇಲ್ಲ. ಉಪ್ಪು ಕೂಡಿ ಕೂಡಿ ಹಂಗಾಗ್ಯಾದ."

ಬಿಡುವಿನ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಅವರು ಬರೆಯುತ್ತ ಕೇಳುವರು, ನಾನು ಹೇಳುವೆ. ನಿನೆವೆಯ ಹೆಸರು ಬರೆಯುವಾಗ ಬ್ರಶ್ಶು ತಡೆದು ನನ್ನತ್ತ ತಿರುಗಿದರು.

"ಇದು ಯೂನುಸ್ ಪೈಗಂಬರರ ಊರು ಅಲ್ಲೇನ್ರೀ? ಮೀನಿನ ಹೊಟ್ಟಿಯೊಳಗ ಇದ್ದು ಬಂದವರು?"

"ಅವರೇ. ಬೈಬಲ್‌ದಾಗ ಯೋನ ಅಂತಾರ. ಅಸಿರಿಯಾದ ರಾಜಧಾನಿ ಇದು."

"ಅವರ ಮಾತು ಕೇಳಿ ಮಂದಿ ತಪ್ಪಾಯ್ತು ಅಂತ ತೋಬಾ ಮಾಡಿದ್ರು, ಊರು ಉಳೀತು. ನಮ್ಮ ಅಮ್ಮಾ ಹೇಳ್ತಿದ್ದಳು."

"ಕಥಿಯೊಳಗ ಉಳೀತು. ಮುಂದ ಕ್ರಿಸ್ತಪೂರ್ವ ಆರುನೂರಾ ಹನ್ನೆರಡರಾಗ ಬಾಬಿಲೋನಿನವರು ಮತ್ತೊಬ್ಬರನ್ನ ಕೂಡಿಸಿಕೊಂಡು ಬಂದು ಸುಟ್ಟರು."

"ಮತ್ತ ಬಾಬಿಲೋನ್?"

"ಅದಕ್ಕ ಪರ್ಷಿಯಾದವರು ಬಂದ್ರು."

"ಎಲ್ಲಾರಿಗೂ ಒಬ್ಬೊಬ್ಬರು ಬರ್ತಾರ" ಎಂದು ನಕ್ಕು ಮತ್ತೆ ಬರೆಯತೊಡಗಿದರು.

ಆ ನೆಲವನ್ನು ಆಳಿದ ಸುಲೈಮಾನ್ ನಬಿಯ ರಾಜ್ಯ ಅವರ ಮಗನ ಕಾಲಕ್ಕೆ ಎರಡು ಹೋಳಾಯಿತು ಎಂದು ಹೇಳಿದಾಗ ಚಾಂದಪಾಶಾ ಅವರಿಗೆ ನಿಜವಾಗಿ ಕೆಡುಕೆನಿಸಿತು. ಮೇಲಿನದು ಇಸ್ರೇಲ್, ರಾಜಧಾನಿ ಸಮಾರ್ಯ. ಕೆಳಗಿನದು ಯೆಹೂದ, ರಾಜಧಾನಿ ಯೆರೂಸಲೇಮ್. ಇನ್ನೂರು ವರ್ಷ ಒಬ್ಬರ ಮೇಲೊಬ್ಬರು ಹೊರಗಿನ ದಂಡನ್ನು ಕರೆತಂದರು. ಮೇಲಿನದನ್ನು ಅಸಿರಿಯಾದವರು ನುಂಗಿದರು, ಸಮಾರ್ಯದ ಜನರನ್ನು ಎತ್ತಿ ದೂರದ ಊರುಗಳಿಗೆ ಒಯ್ದು ಬಿಟ್ಟರು, ಬೇರೆ ಕಡೆಯವರನ್ನು ತಂದು ಅವರ ಮನೆಗಳಲ್ಲಿ ಕೂರಿಸಿದರು. ನೂರಮೂವತ್ತು ವರ್ಷದ ಮೇಲೆ ಕೆಳಗಿನದಕ್ಕೂ ಅದೇ ಗತಿ ಬಾಬಿಲೋನಿನವರಿಂದ ಆಯಿತು.

"ಅಣ್ಣತಮ್ಮರು ಕೂಡಿ ಇದ್ದಿದ್ರ?" ಅಂದರು.

"ಕೂಡಿ ಇದ್ರೂ ಉಳೀತಿದ್ದಿಲ್ಲ ಅಂತ ಕಾಣ್ತದ ಚಾಚಾ. ಅಷ್ಟು ಸಣ್ಣ ನೆಲ."

ಅವರು ಗೋಡೆಗೆ ತಿರುಗಿದರು. ಯೆಹೂದಕ್ಕೆ ಕಾವಿ, ಇಸ್ರೇಲಿಗೆ ಹಸುರು ತುಂಬಿದರು.

ಐದನೆಯ ದಿನ ದೊಡ್ಡ ಅಕ್ಷರಗಳು ಬಾಕಿ ಇದ್ದವು. ಗಾಜಾ ಸೇರಿ ಕಡಲ ದಂಡೆಯಲ್ಲಿ ಫಿಲಿಷ್ಟಿಯರು ಎಂಬ ಜನರ ಊರುಗಳು, ರಾಜ್ಯಗಳ ಹೆಸರುಗಳು. ಅವರು ನನ್ನ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಟೀಚರ್, ಒಂದು ಮಾತು. ಗಾಜಾ ಬರೀಬೇಕೇನ್ರೀ? ಇಲ್ಲಿ ಊರ ಮಂದಿ ಏನಂತಾರೋ. ಇಸ್ರೇಲ್ ಅಂತ ಇಷ್ಟು ದೊಡ್ಡದು ಬರದ್ರ ನಮ್ಮ ಮೊಹಲ್ಲಾದಾಗ ಏನಂತಾರೋ. ಕಾಲ ಛಲೋ ಇಲ್ಲ. ನದಿ, ಗುಡ್ಡ, ಸಮುದ್ರ ಇಷ್ಟು ಇರಲಿ. ಹೆಸರು ನೀವು ಬಾಯಿಲೆ ಹೇಳ್ರಿ."

"ಮೂರು ಸಾವಿರ ವರ್ಷದ ಹೆಸರು ಚಾಚಾ. ಬಿಟ್ಟರ ಸುಳ್ಳು ಕಲಿಸಿದಂಗ ಆಗ್ತದ. ಬರೀರಿ, ನಾ ಇದ್ದೀನಲ್ಲ" ಅಂದೆ.

ನಾ ಇದ್ದೀನಲ್ಲ. ಹೀಗೇ ಅಂದಿದ್ದೆ. ಅವರು ಬರೆದರು.

ಮುಗಿದ ದಿನ ಮಕ್ಕಳು ಪಡಸಾಲೆಯಲ್ಲಿ ಕೂತು ನೋಟುಬುಕ್ಕಿಗೆ ಇಳಿಸಿಕೊಂಡರು. ಸೃಷ್ಟಿ ಈಜಿಪ್ಟಿನಿಂದ ನಿನೆವೆಯವರೆಗೆ ಬೆರಳಿಟ್ಟು ನಡೆದಳು. ಮಾಣಿಕಪ್ಪನವರು ದೂರ ನಿಂತು ನೋಡಿ "ಬಣ್ಣ ಛಲೋ ಬಂದದ" ಅಂದರು. ಮೂರು ದಿನ ಹಾಗೆ ಇತ್ತು.

ಮಗಳನ್ನು ಕರೆದೊಯ್ಯಲು ಬಂದ ಯಾರೋ ಒಬ್ಬರು ಫೋಟೋ ತೆಗೆದರು. ಅದು ಹೇಗೆ ಹೇಗೆ ಹೋಯಿತೋ ನನಗೆ ಪೂರ್ತಿ ತಿಳಿಯದು. ಕಮಲಾಪುರದ ಮೊಬೈಲ್ ಗುಂಪುಗಳಲ್ಲಿ ಬಂದ ಚಿತ್ರದಲ್ಲಿ ಗಾಜಾ ಮತ್ತು ಅದರ ಸುತ್ತಲಿನ ಹತ್ತು ಬೆರಳಷ್ಟು ಗೋಡೆ ಮಾತ್ರ ಇತ್ತು. ಕೆಳಗೆ, ಸಾಲಿಯೊಳಗೆ ಇದನ್ನು ಬರೆದವ ಚಾಂದಪಾಶಾ, ಹೆಸರು ನೋಡಿ ಎಂದು ಇತ್ತು. ಮೋಮಿನಪುರದ ಗುಂಪುಗಳಲ್ಲಿ ಬಂದದ್ದರಲ್ಲಿ ಇಸ್ರೇಲ್ ಎಂಬ ಹಸುರು ತುಂಡು ಮಾತ್ರ ಇತ್ತು. ಕೆಳಗೆ, ನಮ್ಮವನೇ ಬರೆದು ಬಂದಾನ ಎಂದು. ಒಂದೇ ಗೋಡೆಯನ್ನು ಎರಡು ಕಡೆಯವರೂ ತಮಗೆ ಬೇಕಾದಷ್ಟು ಕತ್ತರಿಸಿಕೊಂಡಿದ್ದರು. ಹನ್ನೆರಡು ಅಡಿಯ ನಕಾಶೆಯನ್ನು ಇಡಿಯಾಗಿ ಯಾರೂ ನೋಡಲಿಲ್ಲ.

ಗುರುವಾರ ನಾನು ಸಾಲಿಗೆ ಹೋದಾಗ ಗೇಟಿನ ಹತ್ತಿರ ಮೋಟರುಸೈಕಲ್ಲುಗಳು ನಿಂತಿದ್ದವು. ಆಫೀಸಿನಲ್ಲಿ ಏಳೆಂಟು ಮಂದಿ. ಅವರಲ್ಲಿ ಶಿವಲಿಂಗನನ್ನು ನಾನು ಬಲ್ಲೆ. ಪಂಕ್ಚರು ಅಂಗಡಿ ಇಟ್ಟವನು, ಅವನ ತಮ್ಮ ನನ್ನ ಹತ್ತಿರ ಓದಿದ್ದ. ಮಾಣಿಕಪ್ಪನವರು ನನ್ನನ್ನು ಪಕ್ಕದ ಸ್ಟೋರ್ ರೂಮಿಗೆ ಕರೆದರು.

"ಟೀಚರ್, ಇದು ಯಾರರೆ ಒಬ್ಬರ ಮ್ಯಾಲ ಹೋಗಲಿಕ್ಕೇ ಬೇಕು. ನಿಮ್ಮ ಮ್ಯಾಲ ಬಂದ್ರ ಸಂಸ್ಥಾದ ಮ್ಯಾಲ ಬರ್ತದ. ಪೇಂಟರನ್ನ ಕರಿಸೀನಿ, ವಾರ್ನಿಶ್ ಹೊಡಿಯೋದದ ಅಂತ ಹೇಳಿ. ಒಂದು ಮಾತು ಬೈಸಿಕೊಂಡು, ಅಳಿಸಿ ಹೋಗ್ತಾನ. ಠಾಣಿ ಗೀಣಿ ಬ್ಯಾಡ. ನೀವು ಸುಮ್ಮನಿರ್ರಿ, ಸಾಕು."

ಹನ್ನೊಂದು ಗಂಟೆಗೆ ಚಾಂದಪಾಶಾ ಬಂದರು. ತೊಳೆದ ಬಿಳಿ ಅಂಗಿ, ಕೈಯಲ್ಲಿ ಅದೇ ತಗಡಿನ ಡಬ್ಬಿ. ಒಳಗೆ ಬಂದವರೇ ಎಲ್ಲರಿಗೂ ಸಲಾಮು ಮಾಡಿದರು. ಯಾರೂ ತಿರುಗಿ ಮಾಡಲಿಲ್ಲ. ಕೂಡು ಅನ್ನಲೂ ಇಲ್ಲ.

"ಗಾಜಾ ಅಂತ ಬರೀಲಿಕ್ಕೆ ಯಾರು ಹೇಳಿದ್ರೋ ನಿನಗ?" ಅಂದ ಒಬ್ಬ. ನನಗಿಂತ ಸಣ್ಣವನು, ಗುರುತಿನವನಲ್ಲ.

ಚಾಂದಪಾಶಾ ನನ್ನ ಕಡೆ ನೋಡಿದರು. ಹೆದರಿದ ನೋಟವಲ್ಲ. ಬೋರ್ಡು ಬರೆಸಿದವರನ್ನು ಕಾಗುಣಿತ ಸರಿಯಿದೆಯೇ ಎಂದು ಕೇಳುವಾಗ ಹೇಗೆ ನೋಡುತ್ತಾರೋ ಹಾಗೆ.

"ಟೀಚರ್, ನೀವು ಹೇಳ್ರಿ" ಅಂದ ಶಿವಲಿಂಗ. "ಹೆಸರು ನೀವು ಕೊಟ್ಟಿದ್ರೇನು?"

ಮಾಣಿಕಪ್ಪನವರು ಮೇಜಿನ ಮೇಲಿನ ಗಾಜನ್ನು ಉಗುರಿನಿಂದ ಕೆರೆಯುತ್ತಿದ್ದರು. ಸುಮ್ಮನಿದ್ದರೆ ಸಾಕು ಅಂದಿದ್ದರು. ನಾನು ಸುಮ್ಮನಾದರೂ ಇರಬೇಕಿತ್ತು.

"ನಾ ನಕಾಶಿ ಗೆರಿ ಅಷ್ಟೇ ಕೊಟ್ಟಿದ್ದೆ" ಅಂದೆ. "ಹೆಸರು ಅವರೇ ಬರದಾರ. ನಾ ನೋಡಿರಲಿಲ್ಲ."

ಲಾಕೀಷ್, ಸಮಾರ್ಯ, ಮೋವಾಬ್. ಮೋಮಿನಪುರದ ಒಬ್ಬ ಪೇಂಟರಿಗೆ ಈ ಹೆಸರುಗಳು ಎಲ್ಲಿಂದ ಬರಬೇಕು? ಆ ಕೋಣೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಕೇಳುವ ಮನಸ್ಸೂ ಅಲ್ಲಿ ಯಾರಿಗೂ ಇರಲಿಲ್ಲ. ಚಾಂದಪಾಶಾ ಇನ್ನೂ ನನ್ನನ್ನೇ ನೋಡುತ್ತಿದ್ದರು. ಗುರುತಿಲ್ಲದ ಆ ಮನುಷ್ಯ ಎದ್ದು ಬಂದು ಅವರ ಎಡಗೆನ್ನೆಗೆ ಹೊಡೆದ. ಡಬ್ಬಿ ಕೆಳಗೆ ಬಿದ್ದು ಬ್ರಶ್ಶುಗಳು ಚೆಲ್ಲಿದವು. ಮಾಣಿಕಪ್ಪನವರು "ಏ, ಬ್ಯಾಡಪ, ಬ್ಯಾಡ" ಎಂದು ಎದ್ದರು. ಅಷ್ಟರಲ್ಲಿ ಹೊಡೆತ ಬಿದ್ದಾಗಿತ್ತು.

ಚಾಂದಪಾಶಾ ಬಗ್ಗಿ ಬ್ರಶ್ಶುಗಳನ್ನು ಆರಿಸಿ ಡಬ್ಬಿಗೆ ತುಂಬಿಕೊಂಡರು. ಆಮೇಲೆ ಮಾಣಿಕಪ್ಪನವರಿಗೆ ಹೇಳಿದರು: "ಎಣ್ಣಿ ಬಣ್ಣದ ಮ್ಯಾಲ ಸುಣ್ಣ ಹಿಡಿಯೋದಿಲ್ಲ ಸಾಹುಕಾರ್ರೇ. ಮೊದಲು ಉಜ್ಜಬೇಕು. ಮರಳ ಕಾಗದ ತರಸ್ರಿ."

ಹನ್ನೆರಡರಿಂದ ನಾಲ್ಕರವರೆಗೆ ಅವರು ಉಜ್ಜಿದರು. ಪಕ್ಕದ ಕೋಣೆಯಲ್ಲಿ ನನಗೆ ಒಂಬತ್ತನೇತ್ತೆಯ ತರಗತಿ. ಮರಳ ಕಾಗದದ ಸದ್ದು ಗೋಡೆಯ ಮೂಲಕ ಒಂದೇ ಸಮ ಕೇಳುತ್ತಿತ್ತು. ಮಕ್ಕಳಿಗೆ ಏನೋ ಬರೆಯಲು ಕೊಟ್ಟು ಕೂತೆ. ಸಣ್ಣ ಅಕ್ಷರಗಳು ಬೇಗ ಹೋದವಂತೆ. ದೊಡ್ಡ ಅಕ್ಷರಗಳಿಗೆ ಮೂರು ಸಲ ಬಿಳಿ ಬಣ್ಣ ಹೊಡೆದರೂ ಕೆಳಗಿನಿಂದ ನೆರಳು ಕಾಣುತ್ತಿತ್ತು. ಮಾಣಿಕಪ್ಪನವರು ನಾಲ್ಕನೆಯ ಸಲ ಹೊಡೆಸಿದರು.

ಸಂಜೆ ಕಲಬುರಗಿಗೆ ಇಬ್ಬರಿಗೂ ಒಂದೇ ಬಸ್ಸು. ಅವರು ಮುಂದಿನ ಬಾಗಿಲಿನಿಂದ ಹತ್ತಿದರು, ನಾನು ಹಿಂದಿನದರಿಂದ. ಇಡೀ ದಾರಿ ಅವರ ಬಿಳಿ ಅಂಗಿಯ ಬೆನ್ನು ಕಾಣುತ್ತಿತ್ತು. ಬಣ್ಣದ ಪುಡಿ ಅವರ ತಲೆಕೂದಲಲ್ಲಿ ಕೂತಿತ್ತು. ಮಹಾಗಾಂವದಲ್ಲಿ ಅವರ ಪಕ್ಕದ ಸೀಟು ಖಾಲಿಯಾಯಿತು. ಎದ್ದು ಹೋಗಿ ಕೂಡಬಹುದಿತ್ತು. ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದು ಅವರು ತಿರುಗಿ ನೋಡದೆ ನಡೆದರು.

ಮನೆಯಲ್ಲಿ ಅರುಣಕುಮಾರರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಆಗಿದ್ದು ಆಯ್ತು. ನೀ ಒಬ್ಬಾಕಿ ಏನು ಮಾಡ್ತಿದ್ದಿ ಅಷ್ಟು ಮಂದಿಯೊಳಗ?" ಅಂದರು. ಆ ಮಾತಿನ ಆಸರೆಯಲ್ಲಿ ಫೆಬ್ರವರಿ ಕಳೆಯಿತು, ಮಾರ್ಚ್ ಕಳೆಯಿತು. ಪಾಠ ಮಾಡುವಾಗ ಮಾತ್ರ ನಾಲಿಗೆ ತಡೆಯುತ್ತಿತ್ತು. ಇಷ್ಟು ವರ್ಷ ಮಕ್ಕಳಿಗೆ ಊರು ಸುಟ್ಟ ಅರಸರ ಹೆಸರು, ಇಸವಿ ಕಂಠಪಾಠ ಮಾಡಿಸಿದ್ದೆ. ಎಷ್ಟೋ ಕೋಟೆಗಳ ಬಾಗಿಲನ್ನು ಒಳಗಿನವರೇ ತೆರೆದಿದ್ದಾರೆ, ಅವರಿಗೆ ಪುಸ್ತಕದಲ್ಲಿ ಹೆಸರಿಲ್ಲ. ಅವರು ಯಾರಿದ್ದಿರಬಹುದು ಎಂದು ನಾನು ಯೋಚಿಸಿದ್ದೇ ಇಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಮೋಮಿನಪುರಕ್ಕೆ ಹೋದೆ. ಬಾಗಿಲು ತೆರೆದವಳು ಬುಶ್ರಾ. ಒಳಗೆ ಸಾಮಾನು ಕಟ್ಟಿಟ್ಟಿದ್ದರು. ನಾನು ಯಾರು ಎಂದು ಹೇಳುವ ಮೊದಲೇ ಅವಳಿಗೆ ತಿಳಿಯಿತು.

"ಅಬ್ಬಾ ಮಲಗ್ಯಾರ" ಅಂದಳು. ಒಳಗೆ ಕರೆಯಲಿಲ್ಲ.

"ಹೆಂಗಿದ್ದಾರ?"

"ಎಡಗಿವಿ ಕೇಳೋದಿಲ್ಲ. ಪರದೆ ಹರದದ ಅಂದ್ರು ಡಾಕ್ಟರ್. ಸೋರಾಕತ್ತದ ಇನ್ನೂ. ಇಲ್ಲಿ ಓಣಿಯವರು ಮಾತು ಬಿಟ್ಟಾರ. ಸ್ವಂತ ನಮ್ಮ ಚಾಚಾನ ಮಗ ಪರ್ವೇಜ್, ಹೋಟೆಲಿನ್ಯಾಗ ಮಂದಿ ಮುಂದ, 'ಇಸ್ರೇಲ್ ಬರಿಯೋ ಕೈಯಿಂದ ಕಬರಿನ ಕಲ್ಲು ಬರೀತಿ ಏನು' ಅಂದ. ಅವತ್ತಿಂದ ಅಬ್ಬಾ ಹೊರಗ ಹೋಗಿಲ್ಲ. ನಾ ಕರಕೊಂಡು ಹೋಗಾಕತ್ತೀನಿ ಹುಮನಾಬಾದಕ್ಕ."

ಅವಳು ಒಳಗೆ ಹೋಗಿ ಒಂದು ಮಡಿಚಿದ ಹಾಳೆ ತಂದು ಬಿಡಿಸಿ ನನ್ನ ಮುಂದೆ ಹಿಡಿದಳು. ಕೆಂಪು ಪೆನ್ನು, ಹದಿನೆಂಟು ಊರು.

"ಇದು ನಿಮ್ಮ ಅಕ್ಷರ ಅಲ್ಲೇನ್ರೀ?"

"ಹೌದು."

"ಅವತ್ತು ಇದು ಡಬ್ಬಿಯೊಳಗೇ ಇತ್ತು. ಯಾಕ ತೋರಸಲಿಲ್ಲ ಅಂತ ನಾ ಅಬ್ಬಾಗ ಬೈದೆ. ಏನಂದ್ರು ಗೊತ್ತದೇನು? 'ಟೀಚರ್ ಹೇಳ್ತಾರ ಅಂತ ಕಾದೆ' ಅಂದ್ರು." ಅವಳ ದನಿ ಏರಲಿಲ್ಲ. "ಬ್ರಶ್ ಆರಿಸೋ ಮುಂದೂ ಕಾದಾರಂತ. ಗೋಡಿ ಉಜ್ಜೋ ಮುಂದೂ ಕಾದಾರಂತ. ನಾಲ್ಕು ತಾಸು."

ಹಾಳೆ ನನಗೆ ಕೊಡಲಿಲ್ಲ. ಮತ್ತೆ ಮಡಿಚಿಕೊಂಡು ಬಾಗಿಲು ಹಾಕಿದಳು.

ಮನೆಗೆ ಬಂದು ನಾಲ್ಕು ಪುಟ ಬರೆದೆ. ನಕಾಶೆ ನನ್ನದು, ಹೆಸರುಗಳು ನನ್ನವು, ಬೇಡ ಅಂದವರು ಚಾಂದಪಾಶಾ, ಬರೆಯಿರಿ ಎಂದವಳು ನಾನು, ಆಫೀಸಿನಲ್ಲಿ ಹೇಳಿದ್ದು ಸುಳ್ಳು. ಆ ಊರುಗಳು ಯಾವ ಕಾಲದವು, ಯಾಕೆ ಬರೆಸಿದೆ ಎಂಬುದನ್ನೂ ವಿವರವಾಗಿ ಬರೆದೆ. ಅರುಣಕುಮಾರ ಓದಿ, "ನೌಕರಿ ಹೋಗ್ತದ, ನೋಡು" ಅಂದರು. ಹರಿದು ಹಾಕು ಎಂದು ಮಾತ್ರ ಹೇಳಲಿಲ್ಲ.

ಮಾಣಿಕಪ್ಪನವರಿಗೆ ಕೈಯಾರೆ ಕೊಟ್ಟೆ. ಒಂದು ಪುಟ ಓದಿ ಕನ್ನಡಕ ತೆಗೆದರು.

"ಮುಗಿದ ಮಾತು ಯಾಕ ಎಬ್ಬಸ್ತೀರಿ ಟೀಚರ್? ಮಂದಿ ಮರೆತು ಮೂರು ತಿಂಗಳಾಯ್ತು."

"ಅವರು ಮರೆತಿಲ್ಲರೀ."

"ಯಾರು?"

ಯಾರು ಎಂದು ಅವರಿಗೆ ನಿಜವಾಗಿಯೂ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಪತ್ರವನ್ನು ಡ್ರಾಯರಿಗೆ ಹಾಕಿದರು. ಶಿವಲಿಂಗನ ಅಂಗಡಿಗೂ ಹೋಗಿ ಒಂದು ಪ್ರತಿ ಕೊಟ್ಟೆ. ನಾನು ಹೇಳಿದ್ದನ್ನು ಅವನು ಟ್ಯೂಬಿಗೆ ಗಾಳಿ ಹಾಕುತ್ತಲೇ ಕೇಳಿಸಿಕೊಂಡ. "ಹಂಗಿದ್ರ ಅವತ್ತ ಹೇಳಬೇಕಿತ್ತಲ್ಲ ಟೀಚರ್" ಅಂದ. ಪೋಷಕರ ಗುಂಪಿನಲ್ಲಿ ಹಾಕಿದೆ. ಅಷ್ಟು ಉದ್ದದ್ದನ್ನು ಎಷ್ಟು ಮಂದಿ ಓದಿದರೋ ಗೊತ್ತಿಲ್ಲ. ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. ಸಂಜೆಯೊಳಗೆ ಯಾರೋ ನನ್ನನ್ನು ಗುಂಪಿನಿಂದ ತೆಗೆದರು. ಮೇ ಕೊನೆಗೆ ಫೋನು ಬಂತು: ಬರುವ ವರ್ಷಕ್ಕೆ ಬೇರೆಯವರನ್ನು ನೋಡಿಕೊಂಡಿದ್ದೇವೆ. ಈಗ ಶಹಾಬಜಾರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹತ್ತನೇತ್ತೆಯ ಮಕ್ಕಳಿಗೆ ಟ್ಯೂಶನ್ ಹೇಳುತ್ತೇನೆ.

ಆಗಸ್ಟಿನಲ್ಲಿ ಹುಮನಾಬಾದಕ್ಕೆ ಹೋದೆ. ಅದೇ ಎಂಟರ ಬಸ್ಸು. ಕಮಲಾಪುರದಲ್ಲಿ ಹತ್ತು ನಿಮಿಷ ನಿಂತಿತು, ನಾನು ತಲೆ ಎತ್ತಲಿಲ್ಲ. ಬುಶ್ರಾಳ ಮನೆ ಹುಡುಕಲು ಹೊತ್ತಾಯಿತು. ಈ ಸಲ ಅವಳು ಒಳಗೆ ಕರೆದು ಚಾಪೆ ಹಾಸಿದಳು.

ಚಾಂದಪಾಶಾ ಒಳಗಿನಿಂದ ಬಂದರು. ಸೊರಗಿದ್ದರು. ಎಡಗಿವಿಗೆ ಹತ್ತಿ ಇಟ್ಟಿದ್ದರು. ಗೋಡೆಗೆ ಒರಗಿ, ಬಲಗಿವಿ ನನ್ನ ಕಡೆ ಆಗುವ ಹಾಗೆ ಕೂತರು.

"ಚಾಚಾ, ಒಂದು ಪತ್ರ ಬರದು ಎಲ್ಲಾರಿಗೂ ಕೊಟ್ಟೀನಿ. ಓದ್ತೀನಿ, ಕೇಳ್ರಿ" ಅಂದೆ.

ಅವರು ಬೇಡ ಅನ್ನಲಿಲ್ಲ. ನಾಲ್ಕೂ ಪುಟ ಗಟ್ಟಿಯಾಗಿ ಓದಿದೆ. ನನ್ನ ಸುಳ್ಳಿನ ಸಾಲು ಬಂದಾಗ ದನಿ ಕುಗ್ಗಿತು. ಅವರು ಕೈಯನ್ನು ಕಿವಿಗೆ ಆನಿಸಿದ್ದು ಕಂಡು ಅದನ್ನು ಮತ್ತೊಮ್ಮೆ ಜೋರಾಗಿ ಓದಬೇಕಾಯಿತು. ಬಾಗಿಲಲ್ಲಿ ಬುಶ್ರಾ ನಿಂತಿದ್ದಳು. ಮುಗಿದ ಮೇಲೆ ಹೊರಗೆ ಯಾರೋ ಈರುಳ್ಳಿ ಮಾರಿಕೊಂಡು ಹೋಗುವುದು ಕೇಳಿಸಿತು.

"ಛಲೋ ಬರದೀರಿ" ಅಂದರು ಚಾಂದಪಾಶಾ. ಕಿವಿಯ ಹತ್ತಿ ಒತ್ತಿಕೊಂಡು, "ಆದ್ರ ಟೀಚರ್, ಇಷ್ಟು ಉದ್ದ ಬೇಕಾಗಿದ್ದಿಲ್ಲ. ಅವತ್ತು 'ಹೌದು' ಅಂದಿದ್ರ ಸಾಕಿತ್ತು" ಅಂದರು.

"ಮಾಫ್ ಮಾಡ್ರಿ ಚಾಚಾ."

ಅವರು ಮಗಳ ಕಡೆ ತಿರುಗಿ, "ದೂರದಿಂದ ಬಂದಾರ, ಚಹಾ ಕೊಡು" ಅಂದರು. ಚಹಾ ಬರುವವರೆಗೆ ಮಳೆ ಬಂದದ್ದು, ಹೆಸರುಕಾಳಿನ ಬೆಳೆ ಕೆಟ್ಟದ್ದು, ಬಸ್ಸಿನ ಹೊತ್ತು, ಇಂಥವೇ ಎರಡು ಮಾತು. ನಮಾಜಿನ ಹೊತ್ತಾಯಿತೆಂದು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಹೋಗುವಾಗ ಮತ್ತೆ ಬನ್ನಿ ಎಂದು ಹೇಳಲಿಲ್ಲ.

ಬುಶ್ರಾ ಖಾಲಿ ಕಪ್ಪು ತೆಗೆದುಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ತುಂತುರು ಹನಿಯುತ್ತಿತ್ತು. ಕಲಬುರಗಿ ಬಸ್ಸು ಆಗಲೇ ತುಂಬಿತ್ತು. ಕಂಬಿ ಹಿಡಿದು ನಿಂತುಕೊಂಡೇ ಬಂದೆ. ಮನೆಯಲ್ಲಿ ಟ್ಯೂಶನ್ನಿನ ಮಕ್ಕಳು ಬಂದು ಕಾಯುತ್ತ ಕೂತಿದ್ದರು. ಅರುಣಕುಮಾರ ಬಾಗಿಲಲ್ಲೇ ಕೇಳಿದರು, ಭೇಟಿ ಆದರೇನು ಎಂದು.

ಆದರು, ಅಂದೆ. ಒದ್ದೆ ಸೆರಗು ಹಿಂಡಿ, ಮಕ್ಕಳ ಹತ್ತಿರ ಹೋಗಿ ಕೂತೆ.